ಚೀನದ ಕುಂಚ, ಪ್ಯಾರಿಸಿನ ಕಲ್ಲು

ಕಳೆದ ತಿಂಗಳು ಮೈಸೂರಿನಲ್ಲಿರುವ ನಮ್ಮ ಮಿತ್ರರೊಬ್ಬರ ಮನೆಗೆ ಹೋಗಿದ್ದಾಗ ಅವರ ನಡುಮನೆಯ ಗೋಡೆಯಲ್ಲಿ ಒಂದು ಹೊಸ ಪಟವನ್ನು ಕಂಡೆವು. ಆ ಗೋಡೆಯಲ್ಲಿ ರವಿವರ್ಮನ ಲಕ್ಷ್ಮಿಯ ಪಟವೊಂದು ಬಹುಕಾಲದಿಂದಲೂ ಉಂಟು. ಮಿತ್ರರ ಅಜ್ಜಿಯವರು ಕೊಂಡು ತಂದದ್ದು. ಅಂಚುಗಳು ಹೊಗೆ ಹಿಡಿದು ಕಂದಿದ್ದರೂ ಶುಕ್ರವಾರದ ಹೂವು ಅದಕ್ಕೆ ಒಂದು ವಾರವೂ ತಪ್ಪಿದುದನ್ನು ನಾವು ಕಾಣೆವು. ಹೊಸ ಪಟವು ಅದರ ಪಕ್ಕದಲ್ಲಿಯೇ ಇದ್ದಿತು. ನೀರು ಹರಡಿ ಒಣಗಿದಂತಿರುವ ಮಬ್ಬು ನೆಲೆ. ಅದರ ಮೇಲೆ ಸೂಜಿಯ ಮೊನೆಯಿಂದ ಗೀರಿದಂತೆ ತೆಳ್ಳನೆಯ ಕೆಲವು ಮರಗಳು, ಒಂದು ಚಂದ್ರ, ಎಲ್ಲಿ ನಿಂತಿವೆಯೆಂದು ಹೇಳಲಾಗದ ಒಂದೆರಡು ಸಣ್ಣ ಆಕೃತಿಗಳು. ಅಷ್ಟೆ.

ವ್ಯಾಸಂಗಕ್ಕಾಗಿ ಎರಡು ವರ್ಷ ಪ್ಯಾರಿಸಿನಲ್ಲಿದ್ದು ಮರಳಿದ ಮಿತ್ರರ ಮಗಳು ಅದನ್ನು ತಂದಿದ್ದಳು. ಮಿತ್ರರ ತಂದೆಯವರಿಗೆ ಅದು ಸರಿಬಿದ್ದಿರಲಿಲ್ಲ. ನಾವು ಕುಳಿತುಕೊಳ್ಳುವುದಕ್ಕೆ ಮೊದಲೇ ಅವರು, “ಬನ್ನಿ, ನೀವಾದರೂ ನ್ಯಾಯ ಹೇಳಿ. ಇದನ್ನು ಬರೆದವನು ಚೀನದವನಂತೆ, ಬರೆದದ್ದು ಪ್ಯಾರಿಸಿನಲ್ಲಂತೆ. ಚೀನದ ಚಿತ್ರವೆನ್ನೋಣವೆಂದರೆ ಅದರ ಹಾಗಿಲ್ಲ. ಬಿಳಿಯರದೆನ್ನೋಣವೆಂದರೆ ಅವರದರ ಹಾಗೂ ಇಲ್ಲ. ಎರಡೂ ಕೆಟ್ಟ ಮೇಲೆ ಉಳಿದದ್ದಕ್ಕೆ ಚೌಕಟ್ಟೊಂದು ಕೇಡು” ಎಂದರು. ಹುಡುಗಿಯು ನಗುತ್ತ, “ತಾತ, ನಿಮ್ಮ ಲಕ್ಷ್ಮಿಯೂ ಇದೂ ಒಂದೇ ಬಗೆಯ ಕಲ್ಲಿನಿಂದ ಬಂದವು” ಎಂದು ಹೇಳಿ ಕಾಫಿ ತರಲು ಒಳಗೆ ಹೋದಳು. ಆಗ ಹಿರಿಯರು ದನಿ ತಗ್ಗಿಸಿ, “ಪಟದ ಮಾತು ಹಾಗಿರಲಿ ಸ್ವಾಮಿ. ಇವಳು ಆಶ್ವೀಜ ಕಳೆದ ಮೇಲೆ ಮತ್ತೆ ಹೊರಡುತ್ತಾಳೆ. ಈ ಸಲ ನಾಲ್ಕು ವರ್ಷ. ಅಲ್ಲಿಯದು ಪೂರ್ತಿ ಬಾರದೆ, ಇಲ್ಲಿಯದೂ ಉಳಿಯದೆ ಹೋದರೆ ಏನು ಗತಿ?” ಎಂದರು.

ಆ ಹೊತ್ತಿನಲ್ಲಿ ನಾವು ಕೊಟ್ಟ ಉತ್ತರವು ನಮಗೇ ಸಾಲದಾಯಿತು. ಇಂತಹ ಚಿಂತೆಯು ಈಗ ಎಷ್ಟೋ ಮನೆಗಳಲ್ಲಿರುವುದರಿಂದ ಈ ತಿಂಗಳ ಪುಟವನ್ನು ಆ ಪಟದ ವಿಚಾರಕ್ಕೇ ಮೀಸಲಾಗಿಟ್ಟಿದ್ದೇವೆ. ಅದನ್ನು ಬರೆದವನು ಝಾವೊ ವೂಕಿ ಎಂಬ ಚಿತ್ರಕಾರನು. ಆತನು ೧೯೪೯ನೆಯ ಇಸವಿಯಲ್ಲಿ ಪ್ಯಾರಿಸಿನಲ್ಲಿ ಮೊಟ್ಟಮೊದಲು ತೆಗೆದ ಕಲ್ಲಚ್ಚುಗಳ ಜಾತಿಗೆ ಸೇರಿದ ಚಿತ್ರವದು.

ಮೊದಲು ಕಲ್ಲಚ್ಚೆಂದರೇನೆಂಬುದನ್ನು ತಿಳಿಯೋಣ. ಈ ಕ್ರಮವನ್ನು ಕಂಡುಹಿಡಿದವನು ಜರ್ಮನಿಯ ಮ್ಯೂನಿಕ್ ನಗರದಲ್ಲಿದ್ದ ಆಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರನು. ತಾನು ಬರೆದ ನಾಟಕಗಳನ್ನು ಅಚ್ಚುಕೂಟಕ್ಕೆ ಕೊಟ್ಟು ಪ್ರಕಟಿಸುವಷ್ಟು ಹಣ ಆತನಲ್ಲಿರಲಿಲ್ಲ. ಅಗ್ಗದ ದಾರಿಯನ್ನು ಹುಡುಕುತ್ತಿರಲು, ೧೭೯೬ರಲ್ಲಿ ಒಂದು ದಿನ ಆತನ ತಾಯಿಯು ಒಗೆಯಲು ಕೊಡತಕ್ಕ ಬಟ್ಟೆಗಳ ಪಟ್ಟಿಯನ್ನು ಬರೆದುಕೊಡುವಂತೆ ಕೇಳಿದಳು. ಅಗಸಗಿತ್ತಿಯು ಕಾಯುತ್ತಿದ್ದಳು, ಕೈಗೆ ಕಾಗದವು ಸಿಕ್ಕಲಿಲ್ಲ. ಆತನು ಎದುರಿಗಿದ್ದ ನುಣುಪಾದ ಕಲ್ಲಿನ ಮೇಲೆಯೇ ಮೇಣ, ಸಾಬೂನು, ಕಾಡಿಗೆ ಬೆರೆತ ಮಸಿಯಿಂದ ಪಟ್ಟಿಯನ್ನು ಬರೆದಿಟ್ಟನು. ಆ ಬರಹವನ್ನು ಒರೆಸಲು ಹೋದಾಗ ಕಲ್ಲಿನಿಂದಲೇ ಅಚ್ಚು ತೆಗೆಯಬಹುದೆಂಬ ಯೋಚನೆ ಆತನಿಗೆ ಹೊಳೆಯಿತಂತೆ. ಕಥೆಯನ್ನು ಹೇಳಿದವನು ಸೆನೆಫೆಲ್ಡರನೇ. ಮುಂದೆ ಎರಡು ವರ್ಷಗಳ ಪ್ರಯೋಗದಿಂದ ಕ್ರಮವು ಕೈಗೂಡಿತು.

ಇದರ ಗುಟ್ಟು ಪ್ರತಿಯೊಂದು ಅಡಿಗೆಮನೆಯಲ್ಲಿಯೂ ತಿಳಿದ ಸಂಗತಿಯೇ ಆಗಿದೆ. ಎಣ್ಣೆಗೂ ನೀರಿಗೂ ಕೂಡಿ ಬಾರದು. ಬವೇರಿಯದ ಸೋಲ್ನ್‌ಹೋಫನ್ ಎಂಬಲ್ಲಿ ಸಿಕ್ಕುವ ನುಣುಪಾದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿರುವ ಬಳಪದಿಂದಾಗಲಿ ಮಸಿಯಿಂದಾಗಲಿ ಚಿತ್ರವನ್ನು ಬರೆಯುತ್ತಾರೆ. ಕೊಂಚ ಆಮ್ಲ ಬೆರೆಸಿದ ಗೋಂದಿನ ನೀರನ್ನು ಅದರ ಮೇಲೆ ಸವರುತ್ತಾರೆ. ಬಳಿಕ ಕಲ್ಲನ್ನು ಒದ್ದೆಮಾಡಿದರೆ ಬರೆದ ಭಾಗವು ನೀರನ್ನು ಒಲ್ಲದು, ಬರೆಯದ ಭಾಗವು ನೀರನ್ನು ಹಿಡಿದುಕೊಳ್ಳುವುದು. ಆಗ ಜಿಡ್ಡಿನ ಮಸಿ ಹಚ್ಚಿದ ಉರುಳೆಯನ್ನು ಕಲ್ಲಿನ ಮೇಲೆ ಹೊರಳಿಸಿದರೆ ಮಸಿಯು ಚಿತ್ರಕ್ಕೆ ಮಾತ್ರ ಅಂಟುವುದು. ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರವು ಎಡಬಲಗಳು ತಿರುವುಮುರುವಾಗಿ ಮೂಡುವುದು. ಬಣ್ಣವೊಂದಕ್ಕೆ ಕಲ್ಲೊಂದರಂತೆ ಬೇಕು. ಬೇಕಾದಷ್ಟು ಪ್ರತಿಗಳನ್ನು ತೆಗೆದಾದ ಮೇಲೆ ಕಲ್ಲನ್ನು ಮರಳಿನಿಂದ ಉಜ್ಜಿ ಚಿತ್ರವನ್ನು ಅಳಿಸಿಬಿಡುತ್ತಾರೆ. ಅದೇ ಕಲ್ಲು ಮತ್ತೊಬ್ಬನಿಗೆ ಒದಗುತ್ತದೆ.

ಈ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಕನ್ನಡದ ಮೊದಲ ಸಮಾಚಾರ ಪತ್ರಿಕೆಯೆಂದು ಹೆಸರಾದ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗನು ೧೮೪೩ರಲ್ಲಿ ಹೊರಡಿಸಿದ್ದು ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಿಂದಲೇ. ರವಿವರ್ಮನು ೧೮೯೪ರಲ್ಲಿ ಬೊಂಬಾಯಿಯಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿ, ಜರ್ಮನಿಯಿಂದ ಯಂತ್ರಗಳನ್ನೂ ಕೆಲಸ ಬಲ್ಲವರನ್ನೂ ಕರೆಯಿಸಿ, ಬಣ್ಣಬಣ್ಣದ ಕಲ್ಲಚ್ಚಿನಲ್ಲಿ ದೇವದೇವಿಯರ ಪಟಗಳನ್ನು ತೆಗೆಯಿಸಿದನು. ಅಲ್ಲಿಯವರೆಗೆ ಅರಮನೆಯ ಗೋಡೆಯಲ್ಲಿ ಮಾತ್ರವಿದ್ದ ತೈಲಚಿತ್ರವು ಬಡವರ ಮನೆಯ ಗೂಡಿಗೂ ಬಂದಿತು. ಹುಡುಗಿಯು ನಗುತ್ತ ಆಡಿದ ಮಾತಿನಲ್ಲಿ ಸತ್ಯವಿತ್ತು. ನಾವು ಹೂವೇರಿಸುವ ಲಕ್ಷ್ಮಿಯ ಸೀರೆಯ ನಿರಿಗೆಗಳಲ್ಲಿಯೂ ಮುಖದ ನೆರಳುಬೆಳಕಿನಲ್ಲಿಯೂ ಯುರೋಪಿನ ತೈಲಚಿತ್ರದ ರೀತಿಯಿದೆ. ಅವಳನ್ನು ಅಚ್ಚಿಗಿಳಿಸಿದ ಯಂತ್ರವು ಜರ್ಮನಿಯದು. ನೂರು ವರ್ಷಗಳ ಶುಕ್ರವಾರಗಳು ಕಳೆದ ಮೇಲೆ ಇದು ಬೆರಕೆಯೆಂದು ಈಗ ಯಾರಿಗೂ ತೋರುವುದಿಲ್ಲ.

ಚೀನ ದೇಶಕ್ಕೂ ಈ ಕಲ್ಲು ಹೊರಗಿನಿಂದಲೇ ಹೋಯಿತು. ಷಾಂಘೈಯಲ್ಲಿ ಅರ್ನೆಸ್ಟ್ ಮೇಜರ್ ಎಂಬ ಆಂಗ್ಲ ವರ್ತಕನು ನಡೆಯಿಸಿದ ಕಲ್ಲಚ್ಚಿನ ಕೂಟದಿಂದ ೧೮೮೪ರಲ್ಲಿ ಒಂದು ಸಚಿತ್ರ ಪತ್ರಿಕೆಯು ಹೊರಟು ಬಹಳ ಪ್ರಸಿದ್ಧವಾಯಿತು. ಚೀನೀ ಚಿತ್ರಕಾರರು ತಮ್ಮ ರೂಢಿಯ ತೆಳುಗೆರೆಯಲ್ಲಿ ಬರೆದು, ದೂರದ್ದು ಕಿರಿದಾಗಿಯೂ ಹತ್ತಿರದ್ದು ಹಿರಿದಾಗಿಯೂ ಕಾಣುವ ಪಾಶ್ಚಾತ್ಯರ ಲೆಕ್ಕವನ್ನು ಅದಕ್ಕೆ ಸೇರಿಸಿದ್ದರು. ಕಲ್ಲಿನಿಂದ ಪ್ರತಿಯೆತ್ತುವುದಂತೂ ಅವರಿಗೆ ಬಹು ಹಿಂದಿನಿಂದಲೂ ಗೊತ್ತಿದ್ದ ಕೆಲಸವೇ. ಹಾನ್ ಚಕ್ರವರ್ತಿಗಳ ಕಾಲದಲ್ಲಿ, ಕ್ರಿಸ್ತಶಕ ೧೭೫ರಲ್ಲಿ, ಅವರು ತಮ್ಮ ಪೂಜ್ಯಗ್ರಂಥಗಳನ್ನು ಲುವೊಯಾಂಗ್ ರಾಜಧಾನಿಯಲ್ಲಿ ಶಿಲೆಯ ಮೇಲೆ ಕೆತ್ತಿಸಲು ತೊಡಗಿದರು. ನಮ್ಮ ಶಾಸನಗಳ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿಯಿಂದ ಪ್ರತಿಯೆತ್ತುವಂತೆ, ಕೆತ್ತಿದ ಬರಹಗಳಿಂದ ಪ್ರತಿಗಳನ್ನೆತ್ತಿ ಅಕ್ಷರದ ವಿನ್ಯಾಸವನ್ನು ಕಲಿಯುವ ಪದ್ಧತಿಯು ಅಲ್ಲಿ ಶತಮಾನಗಳಿಂದ ನಡೆದುಬಂದಿದೆ.

ಇನ್ನು ನಮ್ಮ ಚಿತ್ರಕಾರನ ಸಂಗತಿಗೆ ಬರೋಣ. ಝಾವೊ ವೂಕಿಯು ೧೯೨೦ರಲ್ಲಿ ಪೆಕಿಂಗಿನಲ್ಲಿ ಹುಟ್ಟಿದನು. ಝಾವೊ ಎಂಬುದು ಮನೆತನದ ಹೆಸರು. ವೂಕಿ ಎಂದರೆ ಎಲ್ಲೆಯಿಲ್ಲದ್ದು ಎಂದರ್ಥ. ತಂದೆಯು ಬ್ಯಾಂಕಿನ ಉದ್ಯೋಗಿ, ವಿರಾಮದಲ್ಲಿ ತಾನೂ ಚಿತ್ರ ಬರೆಯುವವನು. ಬಾಲಕನಿಗೆ ಅಕ್ಷರ ತಿದ್ದಿಸಿದವನು ತಾತ. ಚೀನದಲ್ಲಿ ಅಕ್ಷರ ತಿದ್ದುವುದೆಂದರೆ ಕುಂಚವನ್ನು ಹಿಡಿಯುವುದೆಂದೇ ಅರ್ಥ. ಮಣಿಕಟ್ಟನ್ನು ನೆಲಕ್ಕೂರದೆ, ಉಸಿರನ್ನು ಬಿಗಿಹಿಡಿಯದೆ, ಕುಂಚದಲ್ಲಿ ಮಸಿಯೆಷ್ಟು ನೀರೆಷ್ಟು ಎಂಬುದನ್ನು ಬೆರಳುಗಳೇ ಬಲ್ಲಂತಾಗುವವರೆಗೆ ಬರೆಯಬೇಕು. ಒಮ್ಮೆ ಎಳೆದ ಗೆರೆಯನ್ನು ಅಲ್ಲಿನ ಕಾಗದವು ತಿದ್ದಗೊಡದು. ಅದೇ ಕೈ ಮುಂದೆ ಬೆಟ್ಟವನ್ನು ಬರೆಯುವುದು, ಬಿದಿರನ್ನೂ ಬರೆಯುವುದು. ಬರಹವೂ ಚಿತ್ರವೂ ಒಂದೇ ಕುಂಚದ ಎರಡು ಕೆಲಸಗಳೆಂದು ಅಲ್ಲಿಯವರು ಬಗೆಯುತ್ತಾರೆ.

ಹದಿನೈದರ ಹರೆಯದಲ್ಲಿ, ೧೯೩೫ರಲ್ಲಿ, ಆತನು ಹಾಂಗ್‌ಝೌ ನಗರದ ಕಲಾಶಾಲೆಯನ್ನು ಸೇರಿದನು. ೧೯೨೮ರಲ್ಲಿ ಸ್ಥಾಪಿತವಾದ ಆ ಶಾಲೆಯ ಮುಖ್ಯಸ್ಥನು ಲಿನ್ ಫೆಂಗ್‌ಮಿಯೆನ್. ಈತನು ಫ್ರಾನ್ಸಿನಲ್ಲಿ ವಿದ್ಯಾಭ್ಯಾಸ ಮಾಡಿ ಬಂದವನು. ಚೀನದ ಕಲೆಯೂ ಪಶ್ಚಿಮದ ಕಲೆಯೂ ಒಂದರ ಕೊರತೆಯನ್ನು ಮತ್ತೊಂದು ತುಂಬಬೇಕೆಂಬುದು ಆತನ ಜೀವಮಾನದ ಸಂಕಲ್ಪ. ಅಲ್ಲಿ ವೂಕಿಯು ಆರು ವರ್ಷ ಕಲಿತನು. ಹಳೆಯ ಗುರುಗಳ ಚಿತ್ರಗಳನ್ನು ಇದ್ದಂತೆಯೇ ನಕಲುಮಾಡುವ ಪಾಠವು ಆತನಿಗೆ ಬೇಸರವಾಗಿತ್ತು. ಚಿಕ್ಕಪ್ಪನು ಪ್ಯಾರಿಸಿನಿಂದ ತಂದ ಚಿತ್ರದ ಕಾರ್ಡುಗಳಲ್ಲಿಯೂ ಅಮೆರಿಕದ ಪತ್ರಿಕೆಗಳಲ್ಲಿಯೂ ಕಂಡ ಸೆಜಾನ್, ಮಾತೀಸ್, ಪಿಕಾಸೊ ಮೊದಲಾದವರ ಚಿತ್ರಗಳು ಆತನ ಮನಸ್ಸನ್ನು ಸೆಳೆದುಕೊಂಡವು. ೧೯೩೭ರಲ್ಲಿ ಜಪಾನೀಯರು ಚೀನದ ಮೇಲೆ ದಂಡೆತ್ತಿ ಬಂದುದರಿಂದ ಶಾಲೆಯು ಒಳನಾಡಿಗೆ ವಲಸೆ ಹೋಗಬೇಕಾಯಿತು. ಯುದ್ಧದ ನಡುವೆಯೇ ೧೯೪೧ರಲ್ಲಿ ಚೊಂಗ್‌ಚಿಂಗ್ ನಗರದಲ್ಲಿ ಆತನ ಮೊದಲನೆಯ ಪ್ರದರ್ಶನವು ನಡೆಯಿತು. ತರುವಾಯ ಆತನು ಅದೇ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು.

೧೯೪೮ರ ಫೆಬ್ರವರಿಯಲ್ಲಿ ಆತನು ತನ್ನ ಹೆಂಡತಿಯೊಡನೆ ಷಾಂಘೈಯಲ್ಲಿ ಹಡಗನ್ನೇರಿದನು. ಖರ್ಚು ತಂದೆಯದು. ಒಬ್ಬನೇ ಮಗ, ಇನ್ನೂ ಚಿಕ್ಕವನು. ಅವನನ್ನು ಅಜ್ಜ ಅಜ್ಜಿಯರ ವಶದಲ್ಲಿ ಬಿಟ್ಟರು. ಎರಡು ವರ್ಷ ಪ್ಯಾರಿಸಿನಲ್ಲಿದ್ದು ಕಲಿತು ಮರಳಬೇಕೆಂಬುದು ಆಗಿನ ಯೋಚನೆ. ಏಪ್ರಿಲ್ ೧ರಂದು ಪ್ಯಾರಿಸನ್ನು ಸೇರಿ, ಅದೇ ದಿನ ಮಧ್ಯಾಹ್ನ ಲೂವ್ರ್ ಸಂಗ್ರಹಾಲಯಕ್ಕೆ ಹೋದನು. ಇಲ್ಲಿಯವರೆಗೆ ಅಂಗೈಯಗಲದ ಕಾರ್ಡುಗಳಲ್ಲಿ ಕಂಡದ್ದನ್ನು ಅಂದು ಗೋಡೆಯಗಲಕ್ಕೆ ಕಂಡನು.

ಪ್ಯಾರಿಸಿನಲ್ಲಿ ಆತನು ಚೀನದ ಮಸಿಯನ್ನೂ ಕುಂಚವನ್ನೂ ಬದಿಗಿಟ್ಟನು. ಅಲ್ಲಿಯವರು ತನ್ನನ್ನು ನೋಡಿದೊಡನೆ ಬಿದಿರು, ಕೊಕ್ಕರೆ, ಮೇಘ ಇವುಗಳನ್ನೇ ಬಯಸಿ, ಚೀನೀ ಸಾಮಾನಿನ ಅಂಗಡಿಯ ಬೊಂಬೆಯಂತೆ ತನ್ನನ್ನು ಒಂದು ಗೂಡಿನಲ್ಲಿಡುವರೆಂಬ ಅಂಜಿಕೆಯು ಆತನಿಗಿದ್ದಿತು. ತೈಲವರ್ಣದಲ್ಲಿ ಅವರಂತೆಯೇ ಕೆಲಸ ಮಾಡಿ ಅವರ ಸಮಕ್ಕೆ ನಿಲ್ಲಬೇಕೆಂಬುದೇ ಆತನ ಹಟ. ತಾತನಿಂದ ಬಂದುದನ್ನು ಬೇಕೆಂದೇ ಬಿಟ್ಟಿದ್ದನೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಹಿರಿಯರು ಅಂಜಿದ್ದೂ ಇದಕ್ಕೇ ಅಲ್ಲವೆ?

ಹೀಗಿರಲು ೧೯೪೯ರಲ್ಲಿ ಆತನು ಎದ್‌ಮೋನ್ ದೆಜೋಬೆರ್ ಎಂಬವನ ಕಲ್ಲಚ್ಚಿನ ಕೂಟಕ್ಕೆ ಹೋದನು. ಕಲ್ಲಿನ ಮೇಲೆ ಬಳಪದಿಂದ ಬರೆಯುವುದು ಒಂದು ರೀತಿ. ಜಿಡ್ಡಿನ ಮಸಿಯನ್ನು ನೀರಿನಲ್ಲಿ ಕದಡಿ ಕುಂಚದಿಂದ ಬಳಿಯುವುದು ಮತ್ತೊಂದು ರೀತಿ. ಈ ಎರಡನೆಯದರಲ್ಲಿ ನೀರು ಹೆಚ್ಚಾದರೆ ಅಪಾಯ. ತೀರ ತೆಳುವಾದ ಛಾಯೆಗಳಲ್ಲಿ ಜಿಡ್ಡು ಸಾಲದೆ ಅಚ್ಚಿನಲ್ಲಿ ಅವು ಮಾಯವಾಗಬಹುದು. ಇಲ್ಲವೆ ಎಲ್ಲವೂ ಮಸಿ ಹಿಡಿದು ಕಪ್ಪಗಾಗಬಹುದು. ಆದುದರಿಂದ ಅಚ್ಚಿನ ಕೆಲಸದವರು ಹೊಸಬನಾದ ಈತನಿಗೆ ಅಷ್ಟು ನೀರು ಬೇಡವೆಂದು ಬುದ್ಧಿ ಹೇಳಿದರು. ಈತನಿಗೆ ಆ ಕಸಬಿನ ಕಟ್ಟಲೆಗಳು ತಿಳಿದಿರಲಿಲ್ಲ. ನೋಡೋಣವೆಂದು ಯಥೇಚ್ಛವಾಗಿ ನೀರು ಬೆರೆಸಿಯೇ ಬಳಿದನು. ಅಚ್ಚು ತೆಗೆದು ನೋಡಿದರೆ ನೀರು ಹರಿದ ಗುರುತು, ನಿಂತ ಗುರುತು, ಅಂಚಿನಲ್ಲಿ ಒಣಗಿದ ಗುರುತು ಎಲ್ಲವೂ ಕಾಗದದ ಮೇಲೆ ನವಿರಾಗಿ ಉಳಿದುಬಂದಿದ್ದವು.

ಈ ಸಂಗತಿಯು ಸಣ್ಣದೆಂದು ತೋರಬಹುದು. ನಮ್ಮ ಮಟ್ಟಿಗೆ ಆ ಪಟದ ಅರ್ಥವೆಲ್ಲವೂ ಇದರಲ್ಲಿಯೇ ಇದೆ. ಏತಕ್ಕೆಂದರೆ, ಮಸಿಗೆ ನೀರು ಬೆರೆಸಿ ಒಂದೇ ಕಪ್ಪಿನಿಂದ ಅನೇಕ ಛಾಯೆಗಳನ್ನು ಹೊರಡಿಸುವುದು ಚೀನೀ ಕುಂಚದ ಮೂಲವಿದ್ಯೆ. ಮಸಿಯೊಳಗೆ ಐದು ಬಣ್ಣಗಳುಂಟೆಂದು ಅವರಲ್ಲಿ ಹಳೆಯ ಮಾತೊಂದಿದೆ. ಬರೆಯದೆ ಬಿಟ್ಟ ಕಾಗದವೂ ಅವರಿಗೆ ಚಿತ್ರದ ಭಾಗವೇ. ಅದು ಒಂದು ಕಡೆ ಮಂಜು, ಮತ್ತೊಂದು ಕಡೆ ಹೊಳೆ, ಮಗುದೊಂದು ಕಡೆ ಆಕಾಶ. ವೂಕಿಯು ಈ ವಿದ್ಯೆಯನ್ನು ಮಸಿಯೊಡನೆ ಚೀನದಲ್ಲಿಯೇ ಬಿಟ್ಟುಬಂದೆನೆಂದು ತಿಳಿದಿದ್ದನು. ಆದರೆ ಜರ್ಮನಿಯವನು ಕಂಡುಹಿಡಿದ ಕಲ್ಲಿನ ಮುಂದೆ, ಫ್ರೆಂಚರ ಅಚ್ಚುಕೂಟದಲ್ಲಿ, ಕುಂಚವು ಕೈಗೆ ಬಂದೊಡನೆ ಬೆರಳುಗಳು ತಾತನು ಕಲಿಸಿದ್ದನ್ನೇ ಮಾಡಿದವು. ಅಪಾಯವೆಂದು ಅಲ್ಲಿನವರಿಗೆ ತೋರಿದ ನೀರಿನೊಡನೆ ಆತನ ಕೈಗೆ ಬಾಲ್ಯದ ಪರಿಚಯವಿದ್ದಿತು.

ಹಾಗೆಂದು ಆ ಕಲ್ಲಚ್ಚುಗಳು ಚೀನದ ಹಳೆಯ ಚಿತ್ರಗಳ ನಕಲಲ್ಲ. ಅವುಗಳಲ್ಲಿ ಬೆಟ್ಟದ ಮೇಲೆ ಬೆಟ್ಟವಿಲ್ಲ, ಪದ್ಯದ ಬರಹವಿಲ್ಲ. ಮೀನು, ಮರ, ಚಂದ್ರ, ಜೋಡಿಯಾಗಿ ನಿಂತ ಪುಟ್ಟ ಜನ, ಇವರು ಮಕ್ಕಳ ಚಿತ್ರದಲ್ಲಿರುವಂತೆ ತೆಳುಗೆರೆಗಳಲ್ಲಿ ತೇಲುತ್ತಾರೆ. ಈ ಸರಳವಾದ ಗೆರೆಯೂ, ಆಕೃತಿಗಳನ್ನು ಬೇಕಾದಲ್ಲಿ ಬೇಕಾದಂತೆ ನಿಲ್ಲಿಸುವ ಸ್ವಾತಂತ್ರ್ಯವೂ ಆ ಕಾಲದ ಯುರೋಪಿನ ಕಲೆಯಲ್ಲಿ ಬೆಳೆದುಬಂದವು. ಬಣ್ಣಗಳನ್ನು ಕಲ್ಲಿನ ಮೇಲೆ ಕಲ್ಲಾಗಿ ಹೊದಿಸಿ ಕಟ್ಟುವ ಕ್ರಮವೂ ಪಶ್ಚಿಮದ್ದೇ. ಇಷ್ಟು ಇಲ್ಲಿಯದು, ಇಷ್ಟು ಅಲ್ಲಿಯದು ಎಂದು ಗೆರೆ ಹಾಕಿ ಬೇರ್ಪಡಿಸಲು ಹೊರಟರೆ ಚಿತ್ರವು ಕೈಯಲ್ಲಿ ಉಳಿಯುವುದಿಲ್ಲ.

ಆ ಎಂಟು ಕಲ್ಲಚ್ಚುಗಳನ್ನು ಪ್ರಕಾಶಕನೊಬ್ಬನು ಆನ್ರಿ ಮಿಶೋ ಎಂಬ ಕವಿಗೆ ತೋರಿಸಿದನು. ಮಿಶೋ ಬೆಲ್ಜಿಯಮಿನಲ್ಲಿ ಹುಟ್ಟಿದವನು; ನಮ್ಮ ದೇಶದಲ್ಲಿಯೂ ಚೀನದಲ್ಲಿಯೂ ಸಂಚರಿಸಿ ೧೯೩೩ರಲ್ಲಿ ಆ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದ್ದನು. ಚಿತ್ರಗಳನ್ನು ನೋಡಿ ಆತನು ಒಂದೊಂದಕ್ಕೆ ಒಂದೊಂದರಂತೆ ಎಂಟು ಪದ್ಯಗಳನ್ನು ಬರೆದನು. ಪದ್ಯಗಳೂ ಚಿತ್ರಗಳೂ ಕೂಡಿ ೧೯೫೦ರಲ್ಲಿ ಪುಸ್ತಕವಾಗಿ ಬಂದವು. ಚಿತ್ರದ ಪಕ್ಕದಲ್ಲಿ ಪದ್ಯವಿರುವುದು ಚೀನದಲ್ಲಿ ಹಳೆಯ ಸಂಪ್ರದಾಯ. ವೂಕಿಯು ಅದನ್ನು ಬಿಟ್ಟರೂ ಫ್ರೆಂಚ್ ಭಾಷೆಯ ಕವಿಯೊಬ್ಬನು ತಾನಾಗಿ ಅದನ್ನು ಕೂಡಿಸಿದಂತಾಯಿತು. ಆಗ ಹುಟ್ಟಿದ ಸ್ನೇಹವು ೧೯೮೪ರಲ್ಲಿ ಮಿಶೋ ತೀರಿಕೊಳ್ಳುವವರೆಗೂ ಉಳಿಯಿತು.

ಇಲ್ಲಿಗೇ ನಿಲ್ಲಿಸಿದರೆ ಕಥೆಯು ಸೊಗಸಾಗಿ ಮುಗಿಯುವುದು. ಆದರೆ ಹಿರಿಯರ ಚಿಂತೆಗೆ ಅಷ್ಟರಿಂದ ಉತ್ತರ ಕೊಟ್ಟಂತಾಗದು. ಎರಡು ವರ್ಷಕ್ಕೆಂದು ಹೊರಟವನು ಮರಳಲಿಲ್ಲ. ೧೯೪೯ರಲ್ಲಿ ಚೀನದಲ್ಲಿ ರಾಜ್ಯಕ್ರಾಂತಿಯಾಗಿ ದಾರಿಗಳು ಮುಚ್ಚಿದವು. ಆತನು ತನ್ನ ಮನೆಯವರನ್ನು ಮತ್ತೆ ಕಂಡದ್ದು ೧೯೭೨ರಲ್ಲಿ, ಇಪ್ಪತ್ತನಾಲ್ಕು ವರ್ಷಗಳ ತರುವಾಯ. ಜೊತೆಯಲ್ಲಿ ಬಂದ ಹೆಂಡತಿಯೂ ಆತನೂ ೧೯೫೭ರಲ್ಲಿ ಬೇರೆಯಾದರು. ೧೯೬೪ರಲ್ಲಿ ಆತನು ಫ್ರೆಂಚ್ ಪ್ರಜೆಯಾದನು. ಎರಡು ನಾಡುಗಳ ಕಲೆ ಒಂದು ಹಾಳೆಯಲ್ಲಿ ಕೂಡುವುದಕ್ಕೆ ಒಂದು ಸಂಸಾರವು ತೆತ್ತ ಬೆಲೆ ಕಡಮೆಯದಲ್ಲ. ಅದನ್ನು ಮರೆಮಾಚಿ ಬರಿಯ ಹೊಗಳಿಕೆಯನ್ನು ಬರೆಯಲು ನಮಗೆ ಮನಸ್ಸಿಲ್ಲ.

ಮನೆಯಲ್ಲಿಯೇ ಉಳಿದಿದ್ದರೆ ಆ ಬೆಲೆ ತಪ್ಪುತ್ತಿತ್ತೆ? ಗುರುವಾದ ಲಿನ್ ಫೆಂಗ್‌ಮಿಯೆನನ ಬಾಳನ್ನು ನೋಡಿರಿ. ಆತನು ಚೀನದಲ್ಲಿಯೇ ಇದ್ದು, ಚೀನೀ ಕಾಗದದ ಮೇಲೆ ಮಸಿಯನ್ನೂ ಪಶ್ಚಿಮದ ದಟ್ಟವಾದ ಬಣ್ಣಗಳನ್ನೂ ಕೂಡಿಸಿ, ನೀರಹಕ್ಕಿಗಳನ್ನೂ ಸ್ತ್ರೀಯರನ್ನೂ ಬರೆಯುತ್ತ ವರ್ಷಗಳನ್ನು ಕಳೆದನು. ೧೯೬೬ರಲ್ಲಿ ಸಾಂಸ್ಕೃತಿಕ ಕ್ರಾಂತಿಯೆಂಬ ಉತ್ಪಾತವು ಮೊದಲಾದಾಗ, ಇಂತಹ ಚಿತ್ರಗಳೇ ತನ್ನ ಮೇಲೆ ಸಾಕ್ಷಿ ನುಡಿಯುವುವೆಂದು ತಿಳಿದು, ತನ್ನ ಕೃತಿಗಳನ್ನು ರಾಶಿರಾಶಿಯಾಗಿ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿ ಕೈಯಾರೆ ಕಿವುಚಿ ನಾಶಮಾಡಿದನು. ಆದರೂ ಸೆರೆಮನೆಯು ತಪ್ಪಲಿಲ್ಲ. ನಾಲ್ಕು ವರ್ಷಗಳಿಗಿಂತ ಹೆಚ್ಚು ಕಾಲ ಸೆರೆಯಲ್ಲಿದ್ದನು. ಬಿಡುಗಡೆಯಾದ ಮೇಲೆ ಹಾಂಗ್‌ಕಾಂಗಿಗೆ ಹೋಗಿ ಮತ್ತೆ ಕುಂಚವನ್ನು ಹಿಡಿದು, ಕಳೆದುಹೋದ ವಿಷಯಗಳನ್ನೇ ಪುನಃ ಬರೆದು, ೧೯೯೧ರಲ್ಲಿ ಅಲ್ಲಿಯೇ ಕಾಲವಾದನು. ಶಿಷ್ಯನ ಕಲ್ಲಚ್ಚಿಗೆ ಕಸುವು ಕೊಟ್ಟ ನೀರೇ ಗುರುವಿನ ಮನೆಯಲ್ಲಿ ಆತನ ಚಿತ್ರಗಳನ್ನು ಮುಳುಗಿಸಿತು. ಪರದೇಶಕ್ಕೆ ಹೋದವನಿಗೆ ಮಾತ್ರವೇ ನಷ್ಟ, ಮನೆಯಲ್ಲಿದ್ದವನಿಗೆ ಎಲ್ಲವೂ ಭದ್ರ ಎಂದು ಹೇಳಲು ಈ ಇಬ್ಬರ ಚರಿತ್ರೆಯು ಅವಕಾಶ ಕೊಡುವುದಿಲ್ಲ.

ವೂಕಿಯ ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳುವೆವು. ೧೯೫೧ರಲ್ಲಿ ಆತನು ಸ್ವಿಟ್ಜರ್ಲೆಂಡಿನಲ್ಲಿ ಪಾಲ್ ಕ್ಲೇ ಎಂಬ ಚಿತ್ರಕಾರನ ಕೃತಿಗಳನ್ನು ಕಂಡು ಬೆರಗಾದನು. ಆ ಯುರೋಪಿಯನ್ನನಿಗೆ ಚೀನದ ಕಲೆಯ ಪರಿಚಯವಿದ್ದುದು ಆತನಿಗೆ ಅಲ್ಲಿ ಸ್ಪಷ್ಟವಾಯಿತು. ತನ್ನದೆಂದು ಬಿಟ್ಟುಬಂದದ್ದನ್ನು ಪರಕೀಯನೊಬ್ಬನು ಆದರದಿಂದ ಎತ್ತಿಟ್ಟುಕೊಂಡಿದ್ದನು. ೧೯೫೪ರ ಸುಮಾರಿಗೆ ವೂಕಿಯ ಚಿತ್ರಗಳಲ್ಲಿ ಮರವೂ ಚಂದ್ರನೂ ಮರೆಯಾಗಿ, ಚೀನದ ಅತಿ ಪ್ರಾಚೀನವಾದ ಎಲುಬಿನ ಬರಹಗಳನ್ನು ಹೋಲುವ ಗುರುತುಗಳು ಬಂದವು. ಆ ಮೇಲೆ ಅವೂ ಕರಗಿ ಬಣ್ಣದ ಬಿರುಗಾಳಿ ಮಾತ್ರ ಉಳಿಯಿತು. ಚಿತ್ರಗಳಿಗೆ ಹೆಸರಿಡುವುದನ್ನು ಬಿಟ್ಟು ತಾರೀಕನ್ನೇ ಹೆಸರಾಗಿ ಕೊಟ್ಟನು. ೧೯೭೧ರ ಸುಮಾರಿಗೆ, ಎರಡನೆಯ ಹೆಂಡತಿಯ ಬೇನೆಯಿಂದ ದೊಡ್ಡ ತೈಲಚಿತ್ರಗಳಿಗೆ ಮನಸ್ಸೂ ಬಲವೂ ಇಲ್ಲದಿದ್ದಾಗ, ಮಿಶೋ ಒತ್ತಾಯಪಡಿಸಿ ಆತನ ಕೈಗೆ ಚೀನದ ಮಸಿಯನ್ನು ಮತ್ತೆ ಹಿಡಿಸಿದನು. ಎಂದೋ ಬದಿಗಿಟ್ಟಿದ್ದ ಕುಂಚವು ದುಃಖದ ದಿನಗಳಲ್ಲಿ ಒದಗಿತು. ಕಲ್ಲಚ್ಚನ್ನು ಆತನು ಎಂದೂ ಬಿಡಲಿಲ್ಲ; ನೂರಾರು ಅಚ್ಚುಚಿತ್ರಗಳನ್ನು ತೆಗೆದನು. ೧೯೮೩ರಲ್ಲಿ ಪೆಕಿಂಗಿನಲ್ಲಿಯೂ ತಾನು ಓದಿದ ಹಾಂಗ್‌ಝೌ ಶಾಲೆಯಲ್ಲಿಯೂ ಆತನ ಪ್ರದರ್ಶನಗಳು ನಡೆದವು. ೨೦೧೩ರ ಏಪ್ರಿಲ್ ೯ರಂದು ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡು ಪ್ಯಾರಿಸಿನ ಮೋಂಪಾರ್ನಾಸ್ ಸ್ಮಶಾನದಲ್ಲಿ ಸಮಾಧಿ ಹೊಂದಿದನು. ೨೦೧೮ರಲ್ಲಿ ಆತನ ದೊಡ್ಡ ತೈಲಚಿತ್ರವೊಂದು ಹಾಂಗ್‌ಕಾಂಗಿನ ಹರಾಜಿನಲ್ಲಿ ೫೧ ಕೋಟಿ ಹಾಂಗ್‌ಕಾಂಗ್ ಡಾಲರುಗಳಿಗೆ ಮಾರಾಟವಾಯಿತು. ಅಂತಹವು ಧನಿಕರ ಪಾಲು. ಕಲ್ಲಚ್ಚಾದರೋ ಹಲವು ಪ್ರತಿಗಳಾಗಿ ಹೊರಡುವುದರಿಂದ ಹಲವು ಮನೆಗಳನ್ನು ಸೇರಬಲ್ಲುದು.

ಈಗ ಹಿರಿಯರ ಪ್ರಶ್ನೆಗೆ ನಮಗೆ ತೋರಿದ ಉತ್ತರವನ್ನು ಹೇಳುವೆವು. ಹೊರಗಿನದನ್ನು ಕಲಿ, ನಮ್ಮದನ್ನು ಮರೆಯಬೇಡ ಎಂದು ಹೊರಡುವ ಮಕ್ಕಳಿಗೆ ನಾವು ಬಾಗಿಲಲ್ಲಿ ನಿಂತು ಹೇಳುತ್ತೇವೆ. ಅಷ್ಟು ಹೊತ್ತಿಗೆ ಹೇಳುವ ಕಾಲವು ಕಳೆದಿರುತ್ತದೆ. ವೂಕಿಗೆ ಯಾರೂ ಹಡಗುಕಟ್ಟೆಯಲ್ಲಿ ಬೋಧಿಸಿದುದರಿಂದ ಆತನ ಕೈ ಚೀನದ ಕೈಯಾಗಿ ಉಳಿಯಲಿಲ್ಲ; ಎಳವೆಯಲ್ಲಿ ತಾತನು ಪಕ್ಕದಲ್ಲಿ ಕುಳಿತು ದಿನದಿನವೂ ತಿದ್ದಿಸಿದುದರಿಂದ ಉಳಿಯಿತು. ಹಾಗೆ ಕೈಗೆ ಹತ್ತಿದ ವಿದ್ಯೆಯನ್ನು ಬಿಡುತ್ತೇನೆಂದರೂ ಅದು ಬಿಡಲಿಲ್ಲ. ಹಾಗೆ ಹತ್ತದೆ ಬರಿಯ ಅಭಿಮಾನದ ಮಾತಾಗಿ ಮಾತ್ರ ಇರುವುದನ್ನು ಎಷ್ಟು ಭದ್ರವಾಗಿ ಕಟ್ಟಿ ಕಳುಹಿಸಿದರೂ ಅದು ದಾರಿಯಲ್ಲಿ ಸೋರಿಹೋಗುವುದು. ಹೊರಗಿನ ವಿದ್ಯೆಯನ್ನೂ ಆತನು ಅರೆಮನಸ್ಸಿನಿಂದ ಕಲಿಯಲಿಲ್ಲ. ಆರು ವರ್ಷ ಶಾಲೆಯಲ್ಲಿ, ತರುವಾಯ ಪ್ಯಾರಿಸಿನಲ್ಲಿ ಬಾಳಿನುದ್ದಕ್ಕೂ ದುಡಿದನು. ಎರಡರಲ್ಲಿಯೂ ಆಳಕ್ಕಿಳಿದವನಿಗೆ ಕೂಡಿಸುವ ಚಿಂತೆಯೇ ಬೇಕಾಗಲಿಲ್ಲ. ಮೇಲುಮೇಲಿನದನ್ನೇ ಕಲಿತು ಕೂಡಿಸಹೊರಟವರ ಕೈಯಲ್ಲಿ ಆಗುವುದೇ, ಹಿರಿಯರೆಂದಂತೆ, ಎರಡೂ ಕೆಟ್ಟ ಮೇಲೆ ಉಳಿದದ್ದು.

ಇಂತಹ ಕಲ್ಲಚ್ಚನ್ನು ನೋಡುವ ಕ್ರಮವನ್ನೂ ಎರಡು ಮಾತಿನಲ್ಲಿ ತಿಳಿಸುವುದು ಒಳ್ಳೆಯದು. ಇದು ಯಾವುದರ ಚಿತ್ರವೆಂದು ಮೊದಲೇ ಕೇಳದೆ, ಬರೆಯದೆ ಬಿಟ್ಟ ಜಾಗವನ್ನು ಮೊದಲು ನೋಡಬೇಕು. ಅನಂತರ ನೀರು ಹರಿದ ಜಾಡನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಕೊನೆಯಲ್ಲಿ ಗೆರೆಗಳಿಗೆ ಬರಬೇಕು. ಮೂಲದ ಕಲ್ಲಚ್ಚಾದರೆ ಕೆಳಗಡೆ ಸೀಸದಕಡ್ಡಿಯಲ್ಲಿ ಚಿತ್ರಕಾರನ ರುಜುವೂ, ಒಟ್ಟು ಪ್ರತಿಗಳಲ್ಲಿ ಇದು ಎಷ್ಟನೆಯದೆಂಬ ಅಂಕೆಯೂ ಸಾಮಾನ್ಯವಾಗಿ ಇರುತ್ತವೆ. ಯಾವ ಪಟವನ್ನಾದರೂ ಬಿಸಿಲು ಬೀಳುವ ಗೋಡೆಗೂ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗೂ ಹಾಕಬಾರದು. ಕಾಗದಕ್ಕೂ ಗಾಜಿಗೂ ನಡುವೆ ತುಸು ಎಡೆಯಿರುವಂತೆ ಚೌಕಟ್ಟು ಹಾಕಿಸಬೇಕು.

ಇದನ್ನೆಲ್ಲ ನಾವು ಮೊದಲು ಒಂದು ಕಾಗದದಲ್ಲಿ ಬರೆದು ಮೈಸೂರಿನ ಹಿರಿಯರಿಗೆ ಕಳುಹಿಸಿದೆವು. ಒಂದು ವಾರದಲ್ಲಿ ಅವರ ಉತ್ತರವು ಬಂದಿತು. “ನಿಮ್ಮ ಚೀನೀಯನ ಸಂಗತಿಯನ್ನು ಓದಿಸಿ ಕೇಳಿದೆನು. ಪಟವು ಇದ್ದಲ್ಲಿಯೇ ಇರಲಿ ಎಂದಿದ್ದೇನೆ. ಹೂವು ಮಾತ್ರ ಲಕ್ಷ್ಮಿಗೇ. ಮಗುವಿನಿಂದ ಒಂದು ಮಾತು ತೆಗೆದುಕೊಂಡಿದ್ದೇನೆ. ಅಲ್ಲಿಗೆ ಹೋದ ಮೇಲೆ ವಾರಕ್ಕೊಂದು ಕಾಗದವನ್ನು ಕನ್ನಡದಲ್ಲಿ ತನ್ನ ಕೈಯಿಂದಲೇ ಬರೆದು ಅಂಚೆಗೆ ಹಾಕಬೇಕು. ಅವಳ ಅಕ್ಷರವನ್ನು ತಿದ್ದಿಸಿದವನು ನಾನು. ಕೆಟ್ಟಿದ್ದರೆ ತಿದ್ದಿ ಹಿಂದಕ್ಕೆ ಕಳುಹಿಸುವೆನು.”